ಒಂಬತ್ತು ಮಂದಿಯ ಹಲಗೆ

"ಬೋರಲ ಬಿದ್ದದ್ದು ಬೋರಲೇ ಇರ್ಲಿ ಬಿಡ್ರಿ, ಸರ. ಹೊಳ್ಳಿಸಬ್ಯಾಡ್ರಿ ಅದನ್ನ."

ಕುರಿ ಕಾಯುವ ಮಾಯಪ್ಪ ಅಷ್ಟು ಹೇಳಿ ಬಾವಿಯ ಅಂಚಿನಿಂದ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು ನಿಂತ. ಕೆಳಗೆ ಮೆಟ್ಟಿಲುಬಾವಿಯ ಏಳನೆಯ ಮೆಟ್ಟಿಲ ಮೇಲೆ ಮಂಡಿಯೂರಿ ಕುಳಿತಿದ್ದ ಅಜಿತ ತಲೆಯೆತ್ತಿ ನಕ್ಕ. ಅವನ ಮುಂದೆ ಮಾರುದ್ದದ ಒಂದು ಹಲಗೆ ಕೆಸರಿಗೆ ಮುಖವೂರಿ ಬಿದ್ದಿತ್ತು. ಅದರ ಮೇಲೆ ಯಾರೋ ಬೀಸುಕಲ್ಲಿನ ಹೋಳೊಂದನ್ನು ಹೇರಿ ಹೋಗಿದ್ದರು. ನೀರಿಗೆ ತೇಲಿಹೋಗದಿರಲಿ ಎಂದು ಹೇರಿದ್ದೋ, ಏಳದಿರಲಿ ಎಂದು ಹೇರಿದ್ದೋ ತಿಳಿಯುವಂತಿರಲಿಲ್ಲ.

"ಹೊಳ್ಳಿಸಿದ್ರೆ ಏನಾಗುತ್ತೆ ಮಾಯಪ್ಪ? ಕಚ್ಚುತ್ತಾ?"

ಈ ಬಾವಿಯ ನೀರನ್ನು ತನ್ನ ಕುರಿಗಳು ಮೂಸಿಯೂ ನೋಡುವುದಿಲ್ಲ, ತನ್ನ ಅಜ್ಜ ಇದರ ಹತ್ತಿರ ಹೋಗಬಾರದೆಂದು ಆಣೆ ಹಾಕಿಸಿದ್ದ ಎಂದು ಮಾಯಪ್ಪ ದಾರಿಯಲ್ಲೇ ಹೇಳಿದ್ದ. ಅಜಿತನ ಒತ್ತಾಯಕ್ಕೆ ಜಾಗ ತೋರಿಸಲು ಬಂದವನು ಈಗ ಕಂಬಳಿಯನ್ನು ಹೆಗಲಿಗೆಳೆದುಕೊಂಡು, ಹಿಂದೆ ತಿರುಗಿ ನೋಡದೆ, ಕುರಿಗಳ ಕಡೆಗೆ ನಡೆದುಬಿಟ್ಟ. ಅಜಿತ ಕಲ್ಲನ್ನು ಉರುಳಿಸಿದ. ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮಗುಚಿದ. ಕೆಸರು ಚಪ್ಪರಿಸಿದಂತೆ ಸದ್ದು ಮಾಡಿ ಅದನ್ನು ಬಿಟ್ಟುಕೊಟ್ಟಿತು. ಕೊಳೆತ ಜೊಂಡಿನ ವಾಸನೆ ಎದ್ದಿತು. ಅದರ ಹಿಂದೆಯೇ, ಅಲ್ಲಿ ಬರಲು ಕಾರಣವೇ ಇಲ್ಲದ ಇನ್ನೊಂದು ವಾಸನೆ. ಸುಟ್ಟ ಕೂದಲಿನದು.

ಹಿಡಕಲ್ ಜಲಾಶಯದ ನೀರು ಆ ವರ್ಷ ಏಪ್ರಿಲ್ ಮುಗಿಯುವ ಮೊದಲೇ ಬಹಳ ಕೆಳಗೆ ಇಳಿದಿತ್ತು. ಐವತ್ತು ವರ್ಷಗಳ ಹಿಂದೆ ಮುಳುಗಿದ ಕವಳಿಹಟ್ಟಿಯ ಗೋಡೆಗಳ ಬುಡ, ಒರಳುಕಲ್ಲುಗಳು, ಈ ಬಾವಿ, ಎಲ್ಲವೂ ಬಿರುಕು ಬಿಟ್ಟ ಕೆಸರಿನಿಂದ ಮೇಲೆದ್ದಿದ್ದವು. ದಂಡೆಯ ಮೇಲೆ, ಹಿಂದೊಮ್ಮೆ ಮೀನಿನ ಗೋದಾಮಾಗಿದ್ದ ಕಟ್ಟಡದಲ್ಲಿ, ಸಣ್ಣದೊಂದು ವಸ್ತುಸಂಗ್ರಹಾಲಯವಿತ್ತು. ಪ್ರತಿ ಬೇಸಿಗೆಯಲ್ಲಿ ಅಲ್ಲಿ ಒಂದು ತಿಂಗಳ ಚಿತ್ರಪ್ರದರ್ಶನ ನಡೆಯುತ್ತಿತ್ತು. ಅಣೆಕಟ್ಟು ನೋಡಲು ಬಂದವರು ನೆರಳಿಗೆಂದು ಒಳಗೆ ಬಂದು, ಪಂಖದ ಕೆಳಗೆ ನಿಂತು, ಬೆವರು ಆರಿದ ಮೇಲೆ ಹೊರಟುಹೋಗುತ್ತಿದ್ದರು. ಚಿತ್ರಗಳನ್ನು ನೋಡುತ್ತಿದ್ದವರು ಕಡಿಮೆ.

ಜನವರಿಯಲ್ಲಿ ಮೈಸೂರಿನಿಂದ ಅದರ ಉಸ್ತುವಾರಿಗೆ ಬಂದ ಅಜಿತನಿಗೆ ಇದನ್ನು ಸಹಿಸಲಾಗಲಿಲ್ಲ. ಅವನು ಸ್ವತಃ ಚಿತ್ರಕಾರ. ಮೂವತ್ತು ದಾಟಿರಲಿಲ್ಲ. ತನ್ನ ಕಣ್ಣಿನ ಮೇಲೆ ಅವನಿಗೆ ಬಹಳ ಹೆಮ್ಮೆಯಿತ್ತು. ಒಂದು ಗೋಡೆಯ ಮೇಲೆ ಏಳು ಬಗೆಯ ಬಿಳಿಯನ್ನು ಗುರುತಿಸಬಲ್ಲೆ ಎನ್ನುತ್ತಿದ್ದ. ಈ ಬೇಸಿಗೆಯ ಪ್ರದರ್ಶನ ಮುಳುಗಿದ ಊರಿನದೇ ಆಗಬೇಕು, ಜನ ಬಂದು ಕಣ್ಣು ಕೀಳದೆ ನೋಡಬೇಕು ಎಂದು ಹಟ ಹಿಡಿದಿದ್ದ. ಹಲಗೆ ಸಿಕ್ಕ ದಿನ ಅವನಿಗೆ ಅಂಥ ಪ್ರದರ್ಶನವೇ ಸಿಕ್ಕಂತಾಯಿತು.

ತೊಳೆದಾಗ ಒಂಬತ್ತು ಮಂದಿ ಮೂಡಿದರು. ಒಂದೇ ಸಾಲಿನಲ್ಲಿ, ಹೆಗಲಿಗೆ ಹೆಗಲು ತಾಗಿಸಿ ನಿಂತವರು. ಗೋಕಾಕದ ಗೊಂಬೆಗಳ ಬಣ್ಣ: ಕೆಂಪು ರುಮಾಲು, ಗಿಳಿಹಸಿರು ಸೀರೆ, ಅರಿಸಿನದ ಮೈ. ಐವತ್ತು ವರ್ಷ ನೀರಿನಲ್ಲಿದ್ದರೂ ಒಂದು ಗೆರೆ ಮಾಸಿರಲಿಲ್ಲ. ಮೊದಲ ಇಬ್ಬರಿಗೆ ಕಣ್ಣುಗಳಿದ್ದವು, ಅಗಲವಾಗಿ ತೆರೆದವು. ಮೂರನೆಯವನ ಕಣ್ಣುಗಳ ಮೇಲೆ ಯಾರೋ ಕಪ್ಪು ಬಳಿದಿದ್ದರು. ಉಳಿದ ಆರು ಮಂದಿಗೆ ಕಣ್ಣೇ ಇರಲಿಲ್ಲ. ಹುಬ್ಬಿನ ಕೆಳಗೆ ನುಣ್ಣನೆಯ ಬಿಳಿ. ಹಲಗೆಯ ಬೆನ್ನಿಗೆ, ಒಬ್ಬೊಬ್ಬರ ಹಿಂದೆ ಒಂದೊಂದು ಹೆಸರು ಕೊರೆದಿತ್ತು.

ಆ ಹೆಸರುಗಳನ್ನು ಗುರುತಿಸಿದವಳು ದ್ರಾಕ್ಷಾಯಿಣಿ. ಸಂಗ್ರಹಾಲಯದ ಬಾಗಿಲು ತೆಗೆದು, ಕಸ ಗುಡಿಸಿ, ಬಂದವರಿಗೆ ನೀರು ಕೊಡುವ ಕೆಲಸ ಅವಳದು. ಗಂಡ ಲಕ್ಷ್ಮಣ ಲಾರಿ ಓಡಿಸುತ್ತ ತಿಂಗಳಿಗೆ ಎರಡು ಸಲ ಮನೆಗೆ ಬರುತ್ತಿದ್ದ. ಸಾಲೆ ರಜೆಯಾದ್ದರಿಂದ ಒಂಬತ್ತು ವರ್ಷದ ಮಗಳು ಪದ್ಮಶ್ರೀಯನ್ನು ಅವಳು ದಿನಾ ಜೊತೆಗೆ ಕರೆತರುತ್ತಿದ್ದಳು. ಇವರು ತನ್ನ ಗಂಡನ ಮನೆತನದ ಹಿರಿಯರು, ಕವಳಿಹಟ್ಟಿಯಲ್ಲಿ ಒಂದೇ ಮನೆಯಲ್ಲಿ ಇದ್ದವರು ಎಂದು ಅವಳು ಹೇಳಿದಳು. ಕುರಿ ಕಾಯುವ ಮಾಯಪ್ಪನೂ ಅದೇ ಮನೆಯವನು, ತನಗೆ ಮೈದುನನಾಗಬೇಕು. ಈ ಒಂಬತ್ತು ಮಂದಿಯಲ್ಲಿ ಈಗ ಬದುಕಿರುವುದು ಕಲ್ಲೋಳಿಯ ಮುದಕವ್ವ ಆಯಿ ಒಬ್ಬಳೇ. ತೊಂಬತ್ತು ದಾಟಿದೆ. ಹಳೆಯ ಊರಿನ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಾಳೆ.

ಬಣ್ಣದ ಬಗ್ಗೆ ಕೇಳಲೆಂದು ಅಜಿತ ಹಲಗೆಯನ್ನು ಚಾದರದಲ್ಲಿ ಸುತ್ತಿಕೊಂಡು ಗೋಕಾಕಕ್ಕೆ ಹೋದ. ಅಲ್ಲಿ ಗೊಂಬೆ ಮಾಡುವವರಲ್ಲಿ ಎಲ್ಲರಿಗಿಂತ ಹಿರಿಯ ಸೋಮಪ್ಪ ಚಿತ್ರಗಾರ. ಎಂಬತ್ತರ ಮುದುಕ ಚಾದರ ಸರಿಸಿದ, ಬೆರಳಿನಿಂದ ಒಂದೇ ಒಂದು ರುಮಾಲಿನ ಅಂಚನ್ನು ಮುಟ್ಟಿದ, ಕೆಂಡ ಮುಟ್ಟಿದವನ ಹಾಗೆ ಕೈ ಎಳೆದುಕೊಂಡ. ಇದು ತನ್ನ ಅಪ್ಪನ ಕೈ ಎಂದ. ಕಣ್ಣಿಲ್ಲದವರಿಗೆ ಕಣ್ಣು ಬರೆದುಕೊಡಿ, ಪ್ರದರ್ಶನದಲ್ಲಿ ಜನರೆದುರು ಬರೆಯಿರಿ ಎಂದು ಅಜಿತ ಕೇಳಿದಾಗ ಮುದುಕ ಎದ್ದು ನಿಂತ.

"ನಾ ಬರಿಯೂದಿಲ್ಲ. ನೀವೂ ಬರೀಬ್ಯಾಡ್ರಿ. ಇದನ್ನ ಎಲ್ಲಿಂದ ತಂದ್ರಿ ಅಲ್ಲೇ ಬೋರಲ ಹಾಕಿ ಬರ್ರಿ."

ಯಾಕೆ ಎಂದು ಹೇಳಲು ಮುದುಕ ಬಾಯಿ ತೆರೆದ. ಮಾಟ ಎಂಬ ಮಾತು ಕಿವಿಗೆ ಬಿದ್ದೊಡನೆ ಅಜಿತ ಗಡಿಯಾರ ನೋಡಿಕೊಂಡ. ಬಿಸಿಲು ಏರುವ ಮೊದಲು ಹೊರಡಬೇಕು ಎಂದ. ಕೈಮುಗಿದು, ಹಲಗೆಯನ್ನು ಬೈಕಿಗೆ ಕಟ್ಟಿಕೊಂಡು, ದಾರಿಯುದ್ದಕ್ಕೂ ಒಬ್ಬನೇ ನಗುತ್ತ ಬಂದ.

ಪ್ರದರ್ಶನದ ಮೊದಲ ಭಾನುವಾರ, ಹನ್ನೊಂದು ಗಂಟೆಗೆ, ಅವನೇ ಕುಂಚ ಹಿಡಿದ. ಪ್ರತಿ ಭಾನುವಾರ ಒಬ್ಬರಿಗೆ ಕಣ್ಣು ಬರೆಯುವುದಾಗಿ ಹುಕ್ಕೇರಿ, ಗೋಕಾಕ, ಮೂಡಲಗಿಗಳಲ್ಲಿ ಚೀಟಿ ಹಂಚಿಸಿದ್ದ. ಎಂದೂ ಬಾರದಷ್ಟು ಜನ ಬಂದಿದ್ದರು. ಕಿಟಕಿಗಳನ್ನು ಮುಚ್ಚಿ ಹಲಗೆಯ ಮೇಲೆ ಮಾತ್ರ ಒಂದು ದೀಪ ಬಿಟ್ಟಿದ್ದ. ಕತ್ತಲಲ್ಲಿ ಜನರ ಬೆವರು, ಗೋದಾಮಿನ ಗೋಡೆಗಳಿಂದ ಇನ್ನೂ ಹೋಗದ ಒಣಮೀನಿನ ನಾತ. ನಾಲ್ಕನೆಯ ಆಕೃತಿ ಹಸಿರು ಸೀರೆಯ ಹೆಂಗಸು. ಬೆನ್ನಿಗೆ ಮುದಕವ್ವ ಎಂದಿತ್ತು. ಅಜಿತ ಎಡಗಣ್ಣು ಬರೆದ, ಬಲಗಣ್ಣು ಬರೆದ. ಕೊನೆಯ ಚುಕ್ಕೆ ಇಟ್ಟಾಗ ಮರದ ಒಳಗೆಲ್ಲೋ ಯಾರೋ ಉಸಿರು ಎಳೆದುಕೊಂಡಂತೆ ಒಂದು ಸಣ್ಣ ಸದ್ದಾಯಿತು. ಹಲಗೆ ಒಣಗುತ್ತಿದೆ ಎಂದು ಅವನು ಜನರಿಗೆ ವಿವರಿಸಿದ. ಅವರು ಚಪ್ಪಾಳೆ ತಟ್ಟಿದರು.

ಮಂಗಳವಾರ ದ್ರಾಕ್ಷಾಯಿಣಿ ಕೆಲಸಕ್ಕೆ ಬರಲಿಲ್ಲ. ಬುಧವಾರ ಬಂದವಳು ಪೊರಕೆ ಮುಟ್ಟದೆ ಅವನೆದುರು ನಿಂತಳು. ಕಲ್ಲೋಳಿಯ ಆಯಿ ಹೋದಳು ಎಂದಳು. ಭಾನುವಾರ ಮಧ್ಯಾಹ್ನಕ್ಕೆ ಮುಂಚೆ, ರೊಟ್ಟಿ ತಟ್ಟುತ್ತ ಕುಳಿತಲ್ಲೇ, ಆಯಿಯ ಎರಡೂ ಕಣ್ಣು ಬೆಳ್ಳಗಾಗಿ ಏನೂ ಕಾಣದಾಯಿತು. ಸೋಮವಾರ ಬೆಳಗ್ಗೆ, ಹತ್ತು ವರ್ಷಗಳಿಂದ ಹೊಸ್ತಿಲು ದಾಟದಿದ್ದ ಮುದುಕಿ ಯಾರಿಗೂ ಹೇಳದೆ ಗೋಡೆ ಹಿಡಿದು ಬಸ್ ನಿಲ್ದಾಣಕ್ಕೆ ಹೋಗಿದ್ದಾಳೆ. ಹಿಡಕಲ್‌ನಲ್ಲಿ ಇಳಿದಿದ್ದಾಳೆ. ಕೋಲಿಲ್ಲದೆ, ಕೈಹಿಡಿಯುವವರಿಲ್ಲದೆ, ನೆಟ್ಟಗೆ ನೀರಿನ ತನಕ ನಡೆದು ಒಳಗೆ ಇಳಿದಿದ್ದಾಳೆ. ಮೀನುಗಾರರು ಕೂಗಿದರೆ ಹಿಂತಿರುಗಿ ನೋಡಲಿಲ್ಲವಂತೆ.

"ನೀವು ಆಯಿ ಕಣ್ಣ ಬರದ ಹೊತ್ತಿಗೇ ಆಯಿ ಕಣ್ಣ ಹೋದ್ವು, ಸರ. ಬಿಟ್ಟುಬಿಡ್ರಿ ಇದನ್ನ."

ಅಜಿತನಿಗೆ ಮುಜುಗರವಾಯಿತು, ಮರುಕವೂ ಆಯಿತು. ತೊಂಬತ್ತರ ವಯಸ್ಸಿನಲ್ಲಿ ಕಣ್ಣು ಹೋಗುವುದು, ಬುದ್ಧಿ ಕದಲುವುದು ಹೊಸದಲ್ಲ ಎಂದು ಮೆತ್ತಗೆ ತಿಳಿಸಿದ. ಅವಳು ಒಪ್ಪಲಿಲ್ಲ. ಕೊನೆಗೆ ಅವನು ಒಂದು ಪ್ರಶ್ನೆ ಕೇಳಿದ. ಉಳಿದ ಐದು ಮಂದಿಯಲ್ಲಿ ಈಗ ಯಾರಾದರೂ ಬದುಕಿದ್ದಾರೆಯೇ? ಅವಳು ಬೆರಳು ಮಡಚಿ ಎಣಿಸಿದಳು. ಇಲ್ಲ, ಎಲ್ಲರೂ ತೀರಿಹೋಗಿದ್ದಾರೆ. "ಹಾಗಾದ್ರೆ ಸತ್ತವರಿಗೆ ಕಣ್ಣು ಬರೆದರೆ ಯಾರಿಗೇನು ತೊಂದರೆ?" ಎಂದ. ಅವಳು ಪೊರಕೆ ಎತ್ತಿಕೊಂಡಳು.

ಎರಡನೆಯ ಭಾನುವಾರ ಜನ ಹೊರಗೆ ಅಂಗಳದಲ್ಲೂ ನಿಂತಿದ್ದರು. ಮುದುಕಿಯ ಸುದ್ದಿ ಹಬ್ಬಿತ್ತು. ಹೆದರಿಕೆಯೇ ಅವರನ್ನು ಎಳೆದು ತಂದಿತ್ತು. ಅಜಿತನಿಗೆ ಅದು ಗೊತ್ತಿತ್ತು, ಬೇಸರವೇನೂ ಆಗಲಿಲ್ಲ. ಈ ದಿನ ಒಬ್ಬರಲ್ಲ, ಇಬ್ಬರಿಗೆ ಬರೆಯುತ್ತೇನೆ, ಏನೂ ಆಗುವುದಿಲ್ಲ ಎಂದು ನೀವೇ ಕಣ್ಣಾರೆ ನೋಡಿ ಎಂದು ಘೋಷಿಸಿದ. ಐದನೆಯವನು ಕೆಂಪು ರುಮಾಲಿನ ಗಂಡಸು. ಆರನೆಯವಳು ಮೂಗುತಿಯ ಹೆಂಗಸು. ಅವನು ಕುಂಚವನ್ನು ಕಪ್ಪಿಗೆ ಅದ್ದಿದ.

ಕೆಳಗೆ ಕೆರೆಯಂಗಳದಲ್ಲಿ ಕುರಿಗಳ ಕೊರಳ ಗಂಟೆ ಕೇಳಿಸುತ್ತಿತ್ತು. ಗಂಡಸಿನ ಎರಡನೆಯ ಕಣ್ಣು ಮುಗಿದಾಗ ಗಂಟೆಗಳು ಒಮ್ಮೆಲೇ ನಿಂತವು. ಅಜಿತ ಗಮನಿಸಲಿಲ್ಲ. ಅವನ ಕೈ ಆಗಲೇ ಮೂಗುತಿಯ ಹೆಂಗಸಿನ ಮೇಲಿತ್ತು. ಎಡಗಣ್ಣು. ಬಲಗಣ್ಣು. ಚುಕ್ಕೆ. ಮರದೊಳಗೆ ಉಸಿರಿನ ಸದ್ದು. ಈ ಸಲ ಅದು ಎಲ್ಲರಿಗೂ ಕೇಳಿಸಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಹೊರಗೆ ಯಾರೋ ಕೂಗಿದರು. ಜನ ಬಾಗಿಲಿಗೆ ನುಗ್ಗಿದರು. ಸುಡುವ ಬೆಳಕಿನಲ್ಲಿ, ದೂರದ ನೀರಿನ ಅಂಚಿನಲ್ಲಿ ಕುರಿಗಳೆಲ್ಲ ಒತ್ತಾಗಿ ನಿಂತು ಒಂದೇ ಕಡೆ ನೋಡುತ್ತಿದ್ದವು. ಮಾಯಪ್ಪ ಸೊಂಟದ ತನಕ ನೀರಿನಲ್ಲಿದ್ದ. ಕಂಬಳಿ ಹೆಗಲ ಮೇಲೇ ಇತ್ತು. ಅವನು ಹೊಲಕ್ಕೆ ಹೋಗುವವನ ಹಾಗೆ, ಅವಸರವಿಲ್ಲದೆ ನಡೆಯುತ್ತಿದ್ದ. ಎದೆ ಮುಳುಗಿತು. ಕತ್ತು ಮುಳುಗಿತು. ಕಂಬಳಿ ಒಂದು ಕ್ಷಣ ನೀರಿನ ಮೇಲೆ ಹರಡಿಕೊಂಡು ನಿಂತಿತು, ಆಮೇಲೆ ಅದೂ ಇಳಿಯಿತು. ತೆಪ್ಪದವರು ಅವನನ್ನು ಮೇಲೆತ್ತಿ ತಂದಾಗ ಅರ್ಧ ತಾಸು ಕಳೆದಿತ್ತು. ಅಜಿತ ಜನರ ನಡುವೆ ಜಾಗ ಮಾಡಿಕೊಂಡು ಬಗ್ಗಿ ನೋಡಿದ. ಎರಡೂ ಕಣ್ಣು ತೆರೆದಿದ್ದವು. ಕಪ್ಪು ಪಾಪೆಗಳೇ ಇರಲಿಲ್ಲ. ನುಣ್ಣನೆಯ ಬಿಳಿ. ಅದು ಯಾವ ಬಿಳಿ ಎಂದು ಅವನ ಕಣ್ಣು ತಾನಾಗಿಯೇ ಗುರುತಿಸಿತು.

ತಾತನ ಹೆಸರು ಮೊಮ್ಮಗನಿಗೆ. ಹಲಗೆಯ ಐದನೆಯವನೂ ಮಾಯಪ್ಪ, ಇವನೂ ಮಾಯಪ್ಪ. ಹಾಗಾದರೆ ಆರನೆಯವಳು? ಅವಳ ಬೆನ್ನಿಗೆ ರಾಮವ್ವ ಎಂದಿತ್ತು. ಅವನು ಕಟ್ಟಡಕ್ಕೆ ಓಡಿದ. ಈ ಮನೆತನದಲ್ಲಿ ರಾಮವ್ವ ಎಂಬ ಹೆಸರಿನವರು ಯಾರು ಎಂದು ದ್ರಾಕ್ಷಾಯಿಣಿಯನ್ನು ಕೇಳಬೇಕಿತ್ತು.

ಕೇಳಬೇಕಾಗಲಿಲ್ಲ. ಅವಳು ಮೆಟ್ಟಿಲ ಮೇಲೆ ಮಗಳ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು ಕುಳಿತಿದ್ದಳು. ಬಿಸಿಲು ನೆಟ್ಟಗೆ ಹುಡುಗಿಯ ಮುಖದ ಮೇಲೆ ಬೀಳುತ್ತಿತ್ತು. ಅವಳು ಕಣ್ಣು ಮಿಟುಕಿಸುತ್ತಿರಲಿಲ್ಲ.

"ಅವ್ವಾ, ದೀಪ ಯಾರ ಆರಿಸಿದ್ರು?"

ಪದ್ಮಶ್ರೀ ಎಂಬುದು ಸಾಲೆಯ ಹೆಸರು. ತೊಟ್ಟಿಲಿಗೆ ಹಾಕಿದ ದಿನ ಹುಡುಗಿಯ ಕಿವಿಯಲ್ಲಿ ಕೂಗಿದ್ದು ಮುತ್ತಜ್ಜಿ ರಾಮವ್ವನ ಹೆಸರು. ಒಂದೇ ಸಲ ಕೂಗಿದ್ದು. ಆಮೇಲೆ ಯಾರೂ ಆ ಹೆಸರಿನಿಂದ ಕರೆದಿರಲಿಲ್ಲ. ತಾಯಿ ಅದನ್ನು ಮರೆತಿದ್ದಳು.

ದ್ರಾಕ್ಷಾಯಿಣಿ ಅಳಲಿಲ್ಲ, ಬೈಯಲಿಲ್ಲ. ಸೀರೆಯಿಂದ ಮಗಳನ್ನು ತನ್ನ ಸೊಂಟಕ್ಕೆ ಬಿಗಿದುಕೊಂಡಳು. ಗೋಕಾಕದ ಆ ಮುದುಕನಿಗೆ ಏನು ಗೊತ್ತಿದೆಯೋ ಕೇಳಿಕೊಂಡು ಬರಬೇಕೆಂದು ಅಜಿತನಿಗೆ ಹೇಳಿದಳು. ಅವನು ಬೈಕು ಹತ್ತಿದ. ಘಟಪ್ರಭೆಯ ರಸ್ತೆ, ಕಬ್ಬಿನ ಗದ್ದೆಗಳು, ಲಾರಿಗಳ ಧೂಳು ಯಾವುದೂ ಅವನ ನೆನಪಿನಲ್ಲಿ ಉಳಿಯಲಿಲ್ಲ.

ಸೋಮಪ್ಪ ಈ ಸಲ ಕುಳಿತಲ್ಲಿಂದ ಏಳದೆ ಎಲ್ಲವನ್ನೂ ಹೇಳಿದ. ಕವಳಿಹಟ್ಟಿಗೆ ನೀರು ನುಗ್ಗಿದ ದಿನ ಶಂಕ್ರವ್ವ ಎಂಬ ಸೊಸೆ ಹುಕ್ಕೇರಿಗೆ ತವರಿಗೆ ಹೋಗಿದ್ದಳು. ಅವಳ ಮೂರು ವರ್ಷದ ಮಗ ಒಳಕೋಣೆಯಲ್ಲಿ ಮಲಗಿದ್ದ. ಮನೆಯವರು ಒಂಬತ್ತು ಮಂದಿ ಕಾಳಿನ ಚೀಲ, ದನ, ಹಂಡೆ ಎಲ್ಲವನ್ನೂ ಗಾಡಿಗೆ ಹೇರಿಕೊಂಡು ದಂಡೆ ಹತ್ತಿದರು. ಹುಡುಗ ಇನ್ನೊಬ್ಬರ ಗಾಡಿಯಲ್ಲಿದ್ದಾನೆ ಎಂದು ಒಬ್ಬೊಬ್ಬರೂ ತಿಳಿದಿದ್ದರು. ಶಂಕ್ರವ್ವ ಬಂದು ನೀರನ್ನು ನೋಡಿದಳು. ಯಾರನ್ನೂ ಏನೂ ಕೇಳಲಿಲ್ಲ. ತಿಂಗಳ ಮೇಲೆ ಸೋಮಪ್ಪನ ಅಪ್ಪನ ಹತ್ತಿರ ಬಂದು, ನಮ್ಮ ಮನೆಯವರ ಚಿತ್ರ ಮಾಡಿಕೊಡು, ಹೆಸರು ಬೆನ್ನಿಗೆ ಕೊರೆ, ಕಣ್ಣು ಮಾತ್ರ ನಾನು ಹೇಳಿದ ದಿನ ಬರೆ ಎಂದಳು. ಬಣ್ಣಕ್ಕೆ ಕಲಸಲು ಒಂದು ಹಿಡಿ ಮಸಿ ಕೊಟ್ಟಳು. ಅದು ಒಂಬತ್ತು ಮಂದಿಯ ಬಾಚಣಿಗೆಯಿಂದ ಆಯ್ದ ಕೂದಲು ಸುಟ್ಟ ಮಸಿ. ಯಾರ ಕೈಯಲ್ಲಿ ಮಂತ್ರಿಸಿದ್ದಳೋ ಕೊನೆಯವರೆಗೂ ಗೊತ್ತಾಗಲಿಲ್ಲ. ಮರುಬೇಸಿಗೆ ನೀರು ಇಳಿದು ಬಾವಿ ಮೇಲೆದ್ದ ಕಾಲಕ್ಕೆ ಇಬ್ಬರಿಗೆ ಕಣ್ಣು ಬರೆದಾಗ ಆ ಇಬ್ಬರು ಕುರುಡರಾಗಿ ನೀರಿಗೆ ನಡೆದರು, ಹುಡುಗನನ್ನು ಹುಡುಕುವವರ ಹಾಗೆ. ಮೂರನೆಯವನು ಅಪ್ಪನ ಗೆಳೆಯ. ಅವನ ಕಣ್ಣು ಹೋದಾಗ ಅಪ್ಪನಿಗೆ ತಿಳಿಯಿತು.

"ಮಂದಿ ಸಾಯ್ತಾರ, ಹೆಸರು ಸಾಯೂದಿಲ್ರಿ. ಆಕಿ ಕಟ್ಟಿದ್ದು ಹೆಸರಿಗೆ."

ಬಿಡಿಸುವ ದಾರಿ ಒಂದೇ. ಕಣ್ಣು ತೆರೆದವನೇ ಮುಚ್ಚಬೇಕು. ಆ ಬಾವಿಯ ಬಳಿಯೇ, ಆ ಬಾವಿಯ ನೀರಿನಲ್ಲಿ ಕಪ್ಪು ಕಲಸಿ, ಅದೇ ಕುಂಚದಿಂದ. ಅಪ್ಪ ಮುಚ್ಚಿದ. ಗೆಳೆಯ ಬದುಕಿಕೊಂಡ. ಹಲಗೆಯನ್ನು ಬಾವಿಯಲ್ಲಿ ಬೋರಲು ಹಾಕಿ, ಮೇಲೆ ಕಲ್ಲು ಹೇರಿ, ಅಪ್ಪ ಮನೆಗೆ ಬಂದ.

"ಹೆಂಗ ಬಂದ ಗೊತ್ತೇನ್ರಿ? ನಾನ ಕೈ ಹಿಡಕೊಂಡು ಕರಕೊಂಡ ಬಂದೆ. ಅದರ ಒಂದ ಕಣ್ಣ ಮುಚ್ಚಿದ್ರ ನಿಮ್ಮದೊಂದು ಹೋಗತೈತಿ. ಎರಡೂ ಮುಚ್ಚಬೇಕು. ನಡಕ ನಿಂದರಬಾರದು."

ಅಜಿತ ಮರಳಿದಾಗ ನಾಲ್ಕು ಗಂಟೆ. ದ್ರಾಕ್ಷಾಯಿಣಿ ಮಗಳನ್ನು ಒಳಗಿನ ಕಂಬಕ್ಕೆ ಕಟ್ಟಿದ್ದಳು. ಹುಡುಗಿಯ ಮಣಿಕಟ್ಟು ಸುಲಿದು ರಕ್ತ ಬಂದಿತ್ತು. ಅವಳು ಈಗ ಎಳೆಯುತ್ತಿರಲಿಲ್ಲ. ಕೆಮ್ಮುತ್ತಿದ್ದಳು. ಕೆಮ್ಮಿದಾಗಲೆಲ್ಲ ಬಾಯಿಯಿಂದ ನೀರು ಬರುತ್ತಿತ್ತು. ಮಣ್ಣು ಬೆರೆತ, ಜೊಂಡಿನ ವಾಸನೆಯ ನೀರು. ಒಣನೆಲದ ಮೇಲೆ, ತಾಯಿಯ ತೊಡೆಯ ಮೇಲೆ, ಹುಡುಗಿ ಮುಳುಗುತ್ತಿದ್ದಳು.

ಅವಳನ್ನು ಹೆಗಲಿಗೆ ಹಾಕಿಕೊಂಡು ದ್ರಾಕ್ಷಾಯಿಣಿ ಕೆರೆಯಂಗಳಕ್ಕೆ ಇಳಿದಳು. ಹಿಂದೆ ಹಲಗೆ ಹೊತ್ತ ಅಜಿತ. ದಾರಿಯಲ್ಲಿ ಅವನು ಮುದುಕ ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದ. ತನ್ನ ಕಣ್ಣಿನ ಮಾತನ್ನೂ ಮುಚ್ಚಿಡಲಿಲ್ಲ. ಹೇಳುವಾಗ ಅವನು ನಿಜವಾಗಿ ನಿರ್ಧರಿಸಿದ್ದ. ಎರಡೂ ಕೊಡುತ್ತೇನೆ ಎಂದುಕೊಂಡಿದ್ದ. ಅವಳು ನಿಂತು ಅವನ ಕಡೆ ನೋಡಿದಳು. ಬಗ್ಗಿ, ಹೆಗಲ ಮೇಲಿನ ಮಗಳ ಸಮೇತ, ಅವನ ಪಾದ ಮುಟ್ಟಿದಳು.

ಬಾವಿಯ ಮೆಟ್ಟಿಲುಗಳು ತಣ್ಣಗಿದ್ದವು. ಮೇಲೆ ಕಾದ ಹಂಚಿನಂಥ ಬಿಸಿಲು, ಏಳು ಮೆಟ್ಟಿಲು ಕೆಳಗೆ ಮುಸ್ಸಂಜೆಯ ಮಬ್ಬು. ಅದರ ಕೆಳಗೆ ಕಪ್ಪು ನೀರು. ಅಜಿತ ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಬಾವಿಯ ನೀರಿನಲ್ಲಿ ಕಪ್ಪು ಕಲಸಿದ. ಸುಟ್ಟ ಕೂದಲಿನ ವಾಸನೆ ಮೂಗಿಗೆ ಬಡಿಯಿತು. ಹುಡುಗಿ ಮೇಲಿನ ಮೆಟ್ಟಿಲ ಮೇಲೆ ತಾಯಿಯ ತೋಳಿನಲ್ಲಿ ಗೊರಗೊರ ಸದ್ದು ಮಾಡುತ್ತಿದ್ದಳು.

ಅವನು ಮೂಗುತಿಯ ಹೆಂಗಸಿನ ಬಲಗಣ್ಣಿಗೆ ಕುಂಚ ತಾಗಿಸಿದ.

ನೋವಾಗಲಿಲ್ಲ. ಯಾರೋ ಒಂದು ಕಿಟಕಿ ಮುಚ್ಚಿದಂತೆ, ಅಷ್ಟೇ. ಬಲಗಡೆಯ ಗೋಡೆ ಹೋಯಿತು. ಬಲಗಡೆಯ ಮೆಟ್ಟಿಲು ಹೋಯಿತು. ಅವನ ಬಲಗೈಯೇ ಹೋಯಿತು. ಮೇಲೆ ಹುಡುಗಿ ಒಂದು ದೀರ್ಘ ಉಸಿರು ಎಳೆದುಕೊಂಡಳು. ನೀರಿಲ್ಲದ ಉಸಿರು. "ಅವ್ವಾ" ಎಂದಳು.

"ಇನ್ನೊಂದು, ಸರ," ಎಂದಳು ದ್ರಾಕ್ಷಾಯಿಣಿ.

ಆಗ ಅವನಿಗೆ ಸತ್ತ ಕಣ್ಣಿನೊಳಗೆ ಕಾಣಿಸಿತು. ಕತ್ತಲಲ್ಲ. ಹಸಿರುಗಟ್ಟಿದ ನೀರು. ನೀರಿನ ಅಡಿಯಲ್ಲಿ ಒಂದು ಒಳಕೋಣೆ. ಚಾಪೆಯ ಮೇಲೆ ಬೆನ್ನು ಹಾಕಿ ಕುಳಿತ ಪುಟ್ಟ ಹುಡುಗ. ಅವನ ಸುತ್ತ ನಾಲ್ವರು ನಿಂತಿದ್ದರು. ಅವರಲ್ಲೊಬ್ಬನ ಹೆಗಲ ಮೇಲೆ ಕಂಬಳಿ. ಹುಡುಗ ನಿಧಾನವಾಗಿ ಮುಖ ತಿರುಗಿಸತೊಡಗಿದ.

ಅಜಿತನ ಕೈ ನಿಂತಿತು.

ಕುಂಚದ ತುದಿ ಎಡಗಣ್ಣಿನಿಂದ ಒಂದು ಎಳ್ಳಿನಷ್ಟು ದೂರ ಇತ್ತು. ಎಡಗಣ್ಣಿಗೆ ಈಗಲೂ ಬೆಳಕು ಕಾಣುತ್ತಿತ್ತು. ಬಾವಿಯ ಬಾಯಿಯಷ್ಟು ಆಕಾಶ. ಎಂಥ ನೀಲಿ. ಅವನು ಅದನ್ನು ನೋಡಿದ. ಇನ್ನೊಂದು ಕ್ಷಣ ನೋಡಿದ. ಬರೆಯಬೇಕು. ಬರೆಯಲಿಲ್ಲ. ದ್ರಾಕ್ಷಾಯಿಣಿ ಮಗಳನ್ನು ಬಿಟ್ಟು ಮೆಟ್ಟಿಲಿಳಿದಳು. ಅವನ ಮಣಿಕಟ್ಟು ಹಿಡಿದಳು. ಒತ್ತಿದಳು. ಅವನು ತಡೆದ. ಅವಳು ಎರಡೂ ಕೈಯಿಂದ ಒತ್ತಿದಳು. ಅವನು ಕೊಸರಿದ. ಮೊಣಕೈ ಅವಳ ಎದೆಗೆ ಬಡಿಯಿತು. ಹಲಗೆ ತೊಡೆಯಿಂದ ಜಾರಿತು. ಕಲ್ಲಿಗೆ ತಾಗಿತು. ನೀರಿಗೆ ಬಿತ್ತು.

ಅದು ತೇಲಲಿಲ್ಲ. ಮುಖ ಮೇಲಾಗಿ, ಕಲ್ಲಿನ ಹಾಗೆ ಇಳಿಯಿತು. ಕೊನೆಗೆ ಕಂಡದ್ದು ಮೂಗುತಿಯ ಹೆಂಗಸಿನ ತೆರೆದ ಎಡಗಣ್ಣು.

ತೆಪ್ಪದವರು ಎರಡು ದಿನ ಗಾಳ ಹಾಕಿ ಹುಡುಕಿದರು. ಮೂರನೆಯ ದಿನ ಈಜು ಬಲ್ಲವನೊಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ತಳ ಸಿಗಲಿಲ್ಲ ಎಂದು ನಡುಗುತ್ತ ಮೇಲೆ ಬಂದವನು ಮತ್ತೆ ಆ ಕಡೆ ಸುಳಿಯಲಿಲ್ಲ. ಜೂನ್ ನಡುವಿಗೆ ಮಳೆ ಬಂತು. ಕವಳಿಹಟ್ಟಿ ಮುಳುಗಿತು.

ಪದ್ಮಶ್ರೀಗೆ ಬಲಗಣ್ಣು ಮರಳಿತ್ತು. ಎಡಗಣ್ಣು ಬಿಳಿಯಾಗಿಯೇ ಉಳಿಯಿತು. ಹುಕ್ಕೇರಿಯ ವೈದ್ಯರೂ ಬೆಳಗಾವಿಯವರೂ ಬೆಳಕು ಬಿಟ್ಟು ನೋಡಿ, ತಮಗೆ ಕಾರಣ ತಿಳಿಯದು ಎಂದರು. ನೀರು ತುಂಬಿರುವ ತಿಂಗಳುಗಳಲ್ಲಿ ಅವಳು ಸಾಲೆಗೆ ಹೋದಳು, ಓರಗೆಯವರ ಜೊತೆ ಆಡಿದಳು, ನಕ್ಕಳು. ಲಕ್ಷ್ಮಣ ಲಾರಿ ಬಿಟ್ಟು ಮನೆಯಲ್ಲೇ ಉಳಿದ. ಫೆಬ್ರವರಿಯಲ್ಲಿ ನೀರು ಇಳಿಯತೊಡಗಿದಾಗ ಅವಳು ಊಟದ ನಡುವೆ ಎದ್ದು ಬಾಗಿಲಿಗೆ ಹೋಗಿ ನಿಲ್ಲುವುದು ಶುರುವಾಯಿತು. ದೂರದ ಊರಿಗೆ ಕರೆದೊಯ್ದು ನೋಡಿದರು. ಅಣೆಕಟ್ಟಿನಿಂದ ದೂರ ಹೋದಷ್ಟೂ ಕೆಮ್ಮು ಹೆಚ್ಚಾಯಿತು. ವಾಪಸ್ ತಂದರು. ಮಾರ್ಚಿನಲ್ಲಿ ಅವಳ ಸೊಂಟಕ್ಕೆ ಹಗ್ಗ ಬಂತು.

ಅಜಿತ ಕೆಲಸ ಬಿಟ್ಟಿದ್ದ, ಊರು ಬಿಟ್ಟಿರಲಿಲ್ಲ. ಸಂಗ್ರಹಾಲಯದಲ್ಲಿ ಆ ಬೇಸಿಗೆ ಪ್ರದರ್ಶನ ನಡೆಯಲಿಲ್ಲ. ಅವನೂ ದ್ರಾಕ್ಷಾಯಿಣಿಯೂ ದಿನ ಬೆಳಗಾದರೆ ಬಾವಿಗೆ ಇಳಿಯುತ್ತಿದ್ದರು. ಏಪ್ರಿಲಿನಲ್ಲಿ ಪಂಪು ಇಟ್ಟು ನೀರು ಖಾಲಿ ಮಾಡಿಸಿದರು. ತಳದಲ್ಲಿ ಆಳೆತ್ತರ ಹೂಳು. ಅದನ್ನು ಬುಟ್ಟಿಬುಟ್ಟಿಯಾಗಿ ಹೊತ್ತು ಹಾಕಿದರು. ಬಿಂದಿಗೆ ಸಿಕ್ಕಿತು, ಗಾಡಿಯ ಕೀಲು ಸಿಕ್ಕಿತು, ಮಕ್ಕಳ ಬೆಳ್ಳಿಯ ಕಾಲ್ಗಡಗ ಒಂದು ಸಿಕ್ಕಿತು. ಹಲಗೆ ಸಿಗಲಿಲ್ಲ. ಆಮೇಲೆ ಅವರು ಬಾವಿಯ ಸುತ್ತ, ಮನೆಗಳ ಬುಡದಲ್ಲಿ, ಒಳಕೋಣೆಗಳಿದ್ದಲ್ಲಿ ಅಗೆದರು. ಮೇ ಕೊನೆಯ ವಾರ ಹುಡುಗಿಯ ಬಲಗಣ್ಣಿನ ಅಂಚಿನಲ್ಲಿ ಒಂದು ಬಿಳಿಯ ಎಳೆ ಕಾಣಿಸಿತು. ತಾಯಿಗಿಂತ ಮೊದಲು ಅದನ್ನು ಕಂಡವನು ಅಜಿತ.

ಜೂನ್ ಮೊದಲ ವಾರದಲ್ಲಿ ಪಡುವಣದಲ್ಲಿ ಮೋಡ ಕಟ್ಟಿತು. ಘಟ್ಟದಲ್ಲಿ ಮಳೆ ಹಿಡಿದಿದೆ, ಎರಡು ದಿನದಲ್ಲಿ ನೀರು ಬರುತ್ತದೆ ಎಂದು ಅಣೆಕಟ್ಟಿನವರು ಹೇಳಿ ಹೋದರು. ದಂಡೆಯ ಮೇಲೆ ಲಕ್ಷ್ಮಣ ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡು ಕುಳಿತಿದ್ದ. ಇನ್ನೊಂದು ತುದಿಯಲ್ಲಿ ಹುಡುಗಿ ನೀರಿನ ಕಡೆ ಮುಖ ಮಾಡಿ ನಿಂತಿದ್ದಳು. ಕೆಳಗೆ ಹೂಳಿನಲ್ಲಿ ದ್ರಾಕ್ಷಾಯಿಣಿ ಗುದ್ದಲಿಯನ್ನು ಊರಿ ನಿಂತು, ವರ್ಷವಿಡೀ ಕೇಳದಿದ್ದುದನ್ನು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅವತ್ತು ನಿಮ್ಮ ಕೈ ಯಾಕ ನಿಂತಿತ್ರಿ, ಸರ?"

ಅವನು ನೀರಿನಡಿಯ ಕೋಣೆಯ ಬಗ್ಗೆ ಹೇಳಬಹುದಿತ್ತು. ತಿರುಗುತ್ತಿದ್ದ ಆ ಮುಖದ ಬಗ್ಗೆ ಹೇಳಬಹುದಿತ್ತು. ಅದನ್ನು ಕೇಳಿದ ಯಾರೂ ಅವನನ್ನು ದೂರುತ್ತಿರಲಿಲ್ಲ.

"ನನಗೆ ನನ್ನ ಕಣ್ಣು ಬೇಕಾಗಿತ್ತು, ಅಕ್ಕ."

ಅವಳು ತಲೆಯಾಡಿಸಿದಳು. ಆಮೇಲೆ ಅವನ ಕುರುಡು ಬದಿಯಿಂದ ಈಚೆಗೆ ಬಂದು, ಅವನಿಗೆ ಕಾಣುವ ಕಡೆ ನಿಂತು, ಮತ್ತೆ ಅಗೆಯತೊಡಗಿದಳು.